ಮೈ ಇದ್ದಂಗ ಅರಿವಿ

ಯುಗಾದಿ ಹತ್ತಿರ ಬಂತು ಅಂದರೆ ಸಾಕು, ಒಂದು ಲೇಖನ ಮರುಹುಟ್ಟು ಪಡೆಯುತ್ತದೆ. ಮೊದಲು ಭಾನುವಾರದ ಪುರವಣಿಗಳಲ್ಲಿ ಬರುತ್ತಿತ್ತು, ಈಗ ರೀಲುಗಳಲ್ಲಿ ಬರುತ್ತದೆ. ‘ದಪ್ಪಗಿರುವವರು ಬೇಸಿಗೆಯಲ್ಲಿ ಏನು ತೊಡಬೇಕು?’ ಅಂತ ಅದರ ಹೆಸರು. ಒಳಗಿನ ಮಾತು ಮಾತ್ರ ಎಂದೂ ಬದಲಾಗುವುದಿಲ್ಲ. ಕಪ್ಪು ಹಾಕಿ, ಸಣ್ಣಗೆ ಕಾಣುತ್ತೀರಿ. ಉದ್ದ ಗೆರೆ ಇರಲಿ, ಅಡ್ಡ ಗೆರೆ ಬೇಡವೇ ಬೇಡ. ಕಾಟನ್ ಉಬ್ಬುತ್ತದೆ, ಜಾರ್ಜೆಟ್ ಮೈಮೇಲೆ ನೀಟಾಗಿ ಇಳಿಯುತ್ತದೆ. ತೋಳು ಮುಚ್ಚಿ. ಹೊಟ್ಟೆ ಮರೆಸಿ.

ನನ್ನ ಸೈಜು ತ್ರೀ ಎಕ್ಸ್‌ಎಲ್. ಅಂದಮೇಲೆ ಈ ಲೇಖನಗಳನ್ನೆಲ್ಲ ನನಗೇ ಬರೆದದ್ದು ಅಂತ ಇಟ್ಟುಕೊಳ್ಳಿ. ಹತ್ತು ವರ್ಷದಿಂದ ಓದುತ್ತಾ ಬಂದಿರುವ ಓದುಗಳಾಗಿ ನನ್ನದೊಂದು ತಕರಾರಿದೆ. ಇವುಗಳ ತಲೆಬರಹದಲ್ಲಿ ಬೇಸಿಗೆ ಇರುತ್ತದೆ, ಒಳಗೆ ಎಲ್ಲೂ ಇರುವುದಿಲ್ಲ. ಬೆವರಿನ ಬಗ್ಗೆ ಒಂದು ಸಾಲಿಲ್ಲ, ತೊಡೆ ಉಜ್ಜಿ ಉರಿಯುವುದರ ಬಗ್ಗೆ ಇಲ್ಲ, ಬೆವರುಸಾಲೆಯ ಬಗ್ಗೆ ಇಲ್ಲ. ಇರುವುದೆಲ್ಲ ನೋಡುವವರ ಕಣ್ಣಿನ ಚಿಂತೆ. ತೊಟ್ಟವಳು ಹೇಗಿದ್ದಾಳೆ ಅನ್ನುವುದನ್ನು ಬಿಟ್ಟು ಅವಳು ಎಷ್ಟು ಜಾಗ ತಿನ್ನುತ್ತಾಳೆ ಅನ್ನುವುದರ ಲೆಕ್ಕ.

ಆ ಲೆಕ್ಕವಾದರೂ ಸರಿ ಇದೆಯೇ? ಗೆರೆಗಳಿಂದಲೇ ಶುರು ಮಾಡೋಣ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ಒಂದು ವಿಚಿತ್ರ ಗಮನಿಸಿದ್ದ. ಒಂದೇ ಅಳತೆಯ ಎರಡು ಚೌಕಗಳಲ್ಲಿ ಒಂದಕ್ಕೆ ಅಡ್ಡ ಗೆರೆ, ಇನ್ನೊಂದಕ್ಕೆ ಉದ್ದ ಗೆರೆ ಎಳೆದರೆ, ಅಡ್ಡ ಗೆರೆಯ ಚೌಕವೇ ಎತ್ತರವಾಗಿ, ಕಿರಿದಾಗಿ ಕಾಣುತ್ತದೆ. 2011ರಲ್ಲಿ ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯದ ಪೀಟರ್ ಥಾಂಪ್ಸನ್ ಮತ್ತು ಕಿರಿಯಾಕಿ ಮಿಕೆಲ್ಲಿಡೌ ಇದನ್ನು ಬಟ್ಟೆ ತೊಟ್ಟ ಹೆಂಗಸರ ಚಿತ್ರಗಳ ಮೇಲೆ ಪ್ರಯೋಗ ಮಾಡಿ ನೋಡಿದರು. ಅಡ್ಡ ಗೆರೆ ದಪ್ಪ ಕಾಣಿಸುತ್ತದೆ ಅನ್ನುವ ಮಾತಿಗೆ ಆಧಾರ ಸಿಗಲಿಲ್ಲ. ಹಾಗಂತ ನಾಳೆಯಿಂದ ಎಲ್ಲರೂ ಅಡ್ಡ ಗೆರೆ ಹಾಕಿ ಅಂತ ನಾನು ಹೇಳುತ್ತಿಲ್ಲ. ಇಷ್ಟು ವರ್ಷ ಆಜ್ಞೆಯಂತೆ ಹೇಳಿದ್ದನ್ನು ಯಾರೂ ಪರೀಕ್ಷೆ ಮಾಡಿ ಹೇಳಿದ್ದಲ್ಲ, ಅಷ್ಟೇ.

ಇನ್ನು ಕಪ್ಪು. ಕಪ್ಪು ಬಿಸಿಲನ್ನು ಹೆಚ್ಚು ಹೀರುತ್ತದೆ ಅಂತ ಪ್ರೈಮರಿ ಶಾಲೆಯಲ್ಲೇ ಓದಿದ್ದೇವೆ. ಆದರೆ ಮರುಭೂಮಿಯ ಬೆಡೋಯಿನರು ಕಪ್ಪು ನಿಲುವಂಗಿಯನ್ನೇ ತೊಡುತ್ತಾರಲ್ಲ, ಯಾಕೆ? ಈ ಪ್ರಶ್ನೆ ಹಿಡಿದು ಮಾಡಿದ ಅಧ್ಯಯನವೊಂದು 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಕಪ್ಪು ಬಟ್ಟೆ ಹೆಚ್ಚು ಶಾಖ ಹೀರಿದ್ದು ನಿಜ, ಆದರೆ ಆ ಹೆಚ್ಚಿನ ಶಾಖ ಚರ್ಮದವರೆಗೆ ಬರಲೇ ಇಲ್ಲ. ನಿಲುವಂಗಿ ಸಡಿಲವಾಗಿದ್ದರಿಂದ ಒಳಗೆ ಗಾಳಿ ಆಡಿ ಶಾಖ ಹೊರಗೇ ಹೋಯಿತು. ಅಂದರೆ ಬಣ್ಣಕ್ಕಿಂತ ಸಡಿಲ ಮುಖ್ಯ. ನಮ್ಮ ಲೇಖನಗಳು ಏನು ಹೇಳುತ್ತವೆ? ಕಪ್ಪು ಹಾಕಿ, ಅದೂ ಮೈಗೆ ಹಿಡಿದಂತೆ ಹಾಕಿ! ಬೆಡೋಯಿನರ ಬಣ್ಣ ತಗೊಂಡರು, ಜಾಣತನ ಅಲ್ಲೇ ಬಿಟ್ಟುಬಂದರು.

ಮೂರನೆಯದು ಜಾರ್ಜೆಟ್. ಮಾರ್ಕೆಟ್ಟಿನಲ್ಲಿ ಕೈಗೆಟಕುವ ಬೆಲೆಗೆ ಸಿಗುವ ಜಾರ್ಜೆಟ್, ಕ್ರೇಪ್, ಶಿಫಾನ್‌ಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರ್. ಸಾಧಾರಣ ಹವೆಯಲ್ಲಿ ಹತ್ತಿಯ ನೂಲು ತನ್ನ ತೂಕದ ಸುಮಾರು 8 ಪರ್ಸೆಂಟ್ ತೇವ ಹಿಡಿದಿಟ್ಟುಕೊಳ್ಳುತ್ತದೆ, ಲಿನನ್ 12ರ ಆಸುಪಾಸು. ಪಾಲಿಯೆಸ್ಟರ್ ಅರ್ಧ ಪರ್ಸೆಂಟೂ ಇಲ್ಲ. ಆಟಗಾರರ ಜೆರ್ಸಿಯಲ್ಲಿ ಪಾಲಿಯೆಸ್ಟರ್ ನೂಲನ್ನೇ ಬೇರೆ ಥರ ನೇಯ್ದು ಬೆವರು ಹೊರಕ್ಕೆ ಹರಡುವಂತೆ ಮಾಡುತ್ತಾರೆ, ಅದು ಬೇರೆ ಮಾತು. ಕುರ್ತಿಯ ಜಾರ್ಜೆಟ್‌ಗೆ ಆ ಯೋಗ ಇಲ್ಲ, ಮೇಲಿಂದ ಪಾಲಿಯೆಸ್ಟರ್ ಲೈನಿಂಗ್ ಬೇರೆ. ದೊಡ್ಡ ಮೈಗೆ ತೂಕದ ಲೆಕ್ಕದಲ್ಲಿ ಚರ್ಮದ ಹರವು ಕಡಿಮೆ, ಹಾಗಾಗಿ ಒಳಗಿನ ಶಾಖ ಹೊರಹೋಗುವುದು ನಿಧಾನ. ಬೆವರು ಆರುವ ಅಗತ್ಯ ನಮಗೇ ಹೆಚ್ಚು. ಅಂಥವರಿಗೆ ಹುಡುಕಿ ಹುಡುಕಿ ಈ ಬಟ್ಟೆ ಶಿಫಾರಸು ಮಾಡುತ್ತಾರೆ.

ಇದೆಲ್ಲ ಬರೀ ಫ್ಯಾಷನ್ ಹರಟೆ ಅಲ್ಲವಾ, ಇಷ್ಟು ಗಂಭೀರವಾಗಿ ಯಾಕೆ ತಗೋಬೇಕು ಅಂತೀರಾ? ನಮ್ಮ ಟೀಮಿನಲ್ಲಿ ಒಬ್ಬ ಹುಡುಗಿ ಇದ್ದಳು, ನನ್ನ ಹಾಗೆಯೇ ತುಂಬಿದ ಮೈ. ಏಪ್ರಿಲ್ ತಿಂಗಳಲ್ಲೂ ಕುರ್ತಿಯ ಮೇಲೆ ಕಪ್ಪು ಶ್ರಗ್ ತೆಗೆಯುತ್ತಿರಲಿಲ್ಲ. ಊಟದ ನಂತರ ಎಲ್ಲರೂ ಒಂದು ಸುತ್ತು ನಡೆದು ಬರೋಣ ಅಂದರೆ, ‘ನೀವು ಹೋಗ್ಬನ್ನಿ ಅಕ್ಕ, ನಂಗೆ ಕಾಲ್ ಇದೆ’ ಅನ್ನುತ್ತಿದ್ದಳು. ಕಾಲ್ ಇರುತ್ತಿರಲಿಲ್ಲ. ನಡೆದರೆ ತೊಡೆ ಉರಿಯುತ್ತದೆ, ಶ್ರಗ್ ತೆಗೆದರೆ ತೋಳು ಕಾಣುತ್ತದೆ, ಇದು ಅವಳೇ ಒಂದು ದಿನ ಹೇಳಿದ್ದು. ಯಾರು ಹೇಳಿದ್ದು ಮುಚ್ಚಿಕೊಳ್ಳಬೇಕು ಅಂತ ಕೇಳಿದೆ. ‘ಎಲ್ಲಾ ಕಡೆ ಹಂಗೇ ಇರತ್ತಲ್ಲಕ್ಕ’ ಅಂದಳು. ಹೇಳಿದವರು ಯಾರು ಅಂತ ಗೊತ್ತಿಲ್ಲದೇ ಪಾಲಿಸುವ ನಿಯಮಗಳೇ ಗಟ್ಟಿ ನಿಯಮಗಳು.

ಲೇಖನ ಬಿಟ್ಟು ಅಂಗಡಿಗೆ ಹೋದರೆ ಇನ್ನೊಂದು ಕಥೆ. ‘ಮೇಡಂ, ನಿಮ್ ಸೈಜು ಇಲ್ಲಿ ಬರಲ್ಲ, ಆ ಕೊನೇ ರ‍್ಯಾಕಲ್ಲಿ ನೋಡಿ.’ ಕೊನೇ ರ‍್ಯಾಕಿನಲ್ಲಿ ನೇರಳೆ, ಕಂದು, ಕಪ್ಪು. ಅಲ್ಲಿ ಸಿಕ್ಕಿದ ತ್ರೀ ಎಕ್ಸ್‌ಎಲ್ ಕುರ್ತಿ ಹೊಟ್ಟೆಗೆ ಸರಿಹೋದರೆ ಭುಜ ಮೊಣಕೈಯತ್ತ ಜಾರುತ್ತದೆ, ಕತ್ತು ಅಗಲವಾಗಿ ಒಳಗಿನ ಪಟ್ಟಿ ಕಾಣುತ್ತದೆ, ತೋಳಿನ ಸುತ್ತಳತೆ ಮಾತ್ರ ಬಿಗಿ. ಯಾಕೆ ಹೀಗೆ ಅಂತ ತಿಳಿದುಕೊಂಡಾಗ ಎಂಜಿನಿಯರಾಗಿ ನನಗೆ ನಗು ಬಂತು. ಸಾಮಾನ್ಯವಾಗಿ ಮಧ್ಯಮ ಅಳತೆಯ ಒಂದು ಮಾದರಿ ಮಾಡಿ, ಅದಕ್ಕೆ ಒಂದೇ ಲೆಕ್ಕದಲ್ಲಿ ಇಂಚು ಸೇರಿಸುತ್ತಾ ಹೋಗುತ್ತಾರೆ. ಇದಕ್ಕೆ ಗ್ರೇಡಿಂಗ್ ಅಂತ ಹೆಸರು. ಎರಡು ಮೂರು ಸೈಜಿನವರೆಗೆ ನಡೆಯುತ್ತದೆ. ಆಮೇಲೆ ಕೆಡುತ್ತದೆ, ಯಾಕಂದರೆ ಮೈ ಹಾಗೆ ಬೆಳೆಯುವುದಿಲ್ಲ. ಹೊಟ್ಟೆ ಆರು ಇಂಚು ಹೆಚ್ಚಾದರೆ ಭುಜದ ಮೂಳೆ ಅದೇ ಲೆಕ್ಕದಲ್ಲಿ ಅಗಲ ಆಗುತ್ತದೆಯೇ? ದೊಡ್ಡ ಸೈಜಿಗೆ ಬೇರೆ ಮಾದರಿ ಮಾಡಬೇಕು, ದೊಡ್ಡ ಮೈಯವರಿಗೇ ತೊಡಿಸಿ ನೋಡಬೇಕು. ಅದಕ್ಕೆ ಖರ್ಚು. ನಮ್ಮ ಕೆಲಸದ ಭಾಷೆಯಲ್ಲಿ ಹೇಳುವುದಾದರೆ, ಟೆಸ್ಟ್ ಮಾಡದೇ ರಿಲೀಸ್ ಮಾಡಿದ್ದಾರೆ, ಬಗ್ ಬಂದರೆ ಯೂಸರ್ ಮೈಯೇ ಸರಿ ಇಲ್ಲ ಅನ್ನುತ್ತಾರೆ.

ಅಳತೆಯ ಪಟ್ಟಿಗಳ ಹುಟ್ಟೂ ಹೀಗೇ. ಅಮೆರಿಕದ ಕೃಷಿ ಇಲಾಖೆ 1939-40ರಲ್ಲಿ ಸುಮಾರು 15,000 ಹೆಂಗಸರ ಮೈ ಅಳೆಯಿತು. ಲೆಕ್ಕಕ್ಕೆ ತಗೊಂಡಿದ್ದು ಬಿಳಿಯರನ್ನು ಮಾತ್ರ. ಅದರ ಆಧಾರದಲ್ಲಿ 1958ರಲ್ಲಿ ಸೈಜಿನ ಮಾನದಂಡ ಬಂತು, ಯಾರಿಗೂ ಸರಿಹೊಂದದೆ 1983ರಲ್ಲಿ ಅದನ್ನು ಹಿಂತೆಗೆದುಕೊಂಡರು. ನಮ್ಮ ದೇಶದ ರೆಡಿಮೇಡ್ ಉದ್ಯಮ ಬಹುಕಾಲ ಅಮೆರಿಕ, ಬ್ರಿಟನ್, ಯುರೋಪಿನ ಪಟ್ಟಿಗಳನ್ನೇ ಅಷ್ಟಿಷ್ಟು ತಿದ್ದಿ ಬಳಸಿತು. ಭಾರತೀಯರ ಮೈಯನ್ನೇ ಅಳೆಯೋಣ ಅಂತ ಕೇಂದ್ರ ಜವಳಿ ಸಚಿವಾಲಯ ಮತ್ತು ನಿಫ್ಟ್ ಸೇರಿ ‘ಇಂಡಿಯಾ ಸೈಜ್’ ಯೋಜನೆ ಹಾಕಿಕೊಂಡಿದ್ದು ಇತ್ತೀಚೆಗೆ. ಬೆಂಗಳೂರೂ ಸೇರಿ ಆರು ನಗರಗಳಲ್ಲಿ 25,000 ಜನರನ್ನು ತ್ರೀಡಿ ಸ್ಕ್ಯಾನರಿನಲ್ಲಿ ಅಳೆಯುವ ಯೋಜನೆ ಅದು. ಒಳ್ಳೆಯದೇ. ಆದರೆ ಆ ಅಳತೆ ಕೊನೇ ರ‍್ಯಾಕಿನವರೆಗೂ ಬರಬೇಕು.

ತಮಾಷೆ ಅಂದರೆ, ಪೀಣ್ಯ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ನಮ್ಮ ಹೆಣ್ಣುಮಕ್ಕಳೇ ಹೊರದೇಶದ ದೊಡ್ಡ ಮೈಗಳಿಗೆ ಅಚ್ಚುಕಟ್ಟಾಗಿ ಹೊಲಿಯುತ್ತಾರೆ. ಎಕ್ಸ್‌ಪೋರ್ಟ್ ಸರ್‌ಪ್ಲಸ್ ಅಂಗಡಿಯಲ್ಲಿ ನನಗೆ ಸರಿಹೊಂದುವ ಲಿನನ್ ಅಂಗಿ ಎಷ್ಟೋ ಸಲ ಸಿಕ್ಕಿದೆ. ಅಂದಮೇಲೆ ಹೊಲಿಯಲು ಬರುವುದಿಲ್ಲ ಅನ್ನುವ ಹಾಗಿಲ್ಲ.

ನಮ್ಮೂರು ಲಿಂಗಸೂಗೂರು ಕಡೆ. ಮೇ ತಿಂಗಳಲ್ಲಿ 42 ಡಿಗ್ರಿ ಅನ್ನುವುದು ಅಲ್ಲಿ ಸುದ್ದಿಯಲ್ಲ. ನಮ್ಮ ಚಿಗವ್ವ ನನಗಿಂತ ದಪ್ಪ, ಬಿಸಿಲಿನಲ್ಲಿ ಹೊಲಕ್ಕೂ ಹೋಗುತ್ತಾಳೆ, ಸಂತೆಗೂ ಹೋಗುತ್ತಾಳೆ. ಉಡುವುದು ಗಂಜಿಯಿಲ್ಲದ ಹತ್ತಿ ಸೀರೆ. ಕಾಲೇಜಿನ ದಿನಗಳಲ್ಲಿ ನಾನೊಂದು ಬಿಗಿ ಚೂಡಿದಾರ್ ಹಾಕಿಕೊಂಡು ಊರಿಗೆ ಹೋದಾಗ ಅವಳು ಹೇಳಿದ್ದು ಇದು: ‘ಮೈ ಇದ್ದಂಗ ಅರಿವಿ ಇರಬೇಕವ್ವಾ, ಅರಿವಿ ಇದ್ದಂಗ ಮೈ ಎಲ್ಲಿಂದ ತರೂದು?’ ನೂರು ಲೇಖನಗಳಿಗೆ ಇದೊಂದೇ ಉತ್ತರ ಸಾಕು.

ಹಳೆಯ ಉಡುಪುಗಳ ಜಾಣತನ ಇರುವುದೂ ಇಲ್ಲೇ. ಸೀರೆಗೆ ಸೈಜಿಲ್ಲ. ಗುಳೇದಗುಡ್ಡ ಖಣದ ಹಳೆಯ ಕುಪ್ಪಸಕ್ಕೆ ಮುಂದೆ ಗಂಟು, ಮೈ ಏರಿದರೂ ಇಳಿದರೂ ಗಂಟು ಸರಿಸಿಕೊಂಡರಾಯಿತು. ಹಳೆಯ ನಿಲುವಂಗಿ, ಕುರ್ತಾಗಳಲ್ಲಿ ಕಂಕುಳಿನಲ್ಲಿ ಒಂದು ಚೌಕ ತುಂಡು ಕೊಡುತ್ತಿದ್ದರು, ಕೈ ಎತ್ತಿದರೆ ಇಡೀ ಅಂಗಿ ಮೇಲೆ ಬರುತ್ತಿರಲಿಲ್ಲ. ಹಾಗಂತ ಎಲ್ಲರೂ ಸೀರೆ ಉಡಿ ಅಂತ ಉಪದೇಶಕ್ಕೆ ಇಳಿಯಲಾರೆ. ಬಿಗಿಯಾಗಿ ಕಟ್ಟಿದ ಲಂಗದ ಲಾಡಿ ಸೊಂಟದಲ್ಲಿ ಮಾಡುವ ಕಪ್ಪು ಗಾಯದ ಗೆರೆ ಯಾವ ಹೆಂಗಸನ್ನು ಬೇಕಾದರೂ ಕೇಳಿ. ಅದರ ಮೇಲೆ ಮೆಟ್ರೋ ಹತ್ತಿ, ಒಂಬತ್ತು ತಾಸು ಕುರ್ಚಿಯಲ್ಲಿ ಕೂರುವ ನಮಗೆ ಬೇಕಾಗಿರುವುದು ಸೀರೆಯಲ್ಲಿದ್ದ ಗುಣ, ಸೀರೆಯೇ ಆಗಬೇಕಿಲ್ಲ. ನಿಜ ಹೇಳಬೇಕೆಂದರೆ ಆ ಗುಣ ಈಗ ಉಳಿದಿರುವುದು ನೈಟಿಯಲ್ಲಿ. ಹತ್ತಿ ಬಟ್ಟೆ, ಸಡಿಲ ತೋಳು, ಸೊಂಟಕ್ಕೆ ಕಟ್ಟಿಲ್ಲ, ಒಳಗೆ ಗಾಳಿ. ನಾವೆಲ್ಲ ನಗುವ ನೈಟಿ ಬೇಸಿಗೆಯ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸು. ಅದರ ಮೇಲೆ ಟವೆಲ್ ಹೊದ್ದು ಹಾಲು ತರಲು ಹೋಗುವ ಆಂಟಿಯಂದಿರಿಗೆ ಶ್ರಗ್ ತೊಟ್ಟ ನಮಗಿಂತ ಹೆಚ್ಚು ಬುದ್ಧಿ ಇದೆ.

ಹಾಗಾದರೆ ಏನು ತಗೊಳ್ಳಬೇಕು? ನನ್ನ ಲೆಕ್ಕ ಸರಳ. ಭುಜ, ಕತ್ತು ಸರಿಯಾಗಿ ಕೂತಿರಬೇಕು, ಕೆಳಗೆಲ್ಲ ಸಡಿಲ ಇರಬೇಕು. ಒಪ್ಪುವುದು ಅಂದರೆ ಇದೇ. ಭುಜ ಸರಿಯಿದ್ದರೆ ಸಡಿಲ ಬಟ್ಟೆ ಗೋಣಿಚೀಲದಂತೆ ಕಾಣುವುದಿಲ್ಲ. ರೆಡಿಮೇಡ್ ತಗೊಂಡರೆ ಮೈಯ ಅತಿ ಅಗಲದ ಜಾಗಕ್ಕೆ ಸರಿಯಾಗುವುದನ್ನು ತಗೊಂಡು, ಭುಜವನ್ನು ಟೇಲರ್ ಹತ್ತಿರ ಒಳಗೆ ಹಿಡಿಸಿ. ಕಾಟನ್ ಉಬ್ಬುತ್ತದೆ ಅನ್ನುವುದು ಗಂಜಿಯ ದಪ್ಪ ಕಾಟನ್ನಿಗೆ ಮಾತ್ರ ನಿಜ. ಮಲ್‌ಮಲ್, ವಾಯಿಲ್‌ನಂಥ ತೆಳು ಹತ್ತಿ ಎರಡು ಒಗೆತಕ್ಕೆ ಮೆತ್ತಗಾಗಿ ಚೆಂದ ಇಳಿಯುತ್ತದೆ. ರೇಯಾನ್ ತಂಪೇ, ಆದರೆ ಕುಗ್ಗುತ್ತದೆ, ಒದ್ದೆಯಾದರೆ ಮೈಗೆ ಅಂಟುತ್ತದೆ. ಹಾಗಾಗಿ ಒಂದು ಸೈಜು ದೊಡ್ಡದಿರಲಿ. ಕುರ್ತಿಯ ಪಕ್ಕದ ಸೀಳು ಸೊಂಟದ ಅಗಲ ಶುರುವಾಗುವ ಮೊದಲೇ ತೆರೆದುಕೊಳ್ಳಬೇಕು, ಇಲ್ಲದಿದ್ದರೆ ಕೂತಾಗ ಎಳೆಯುತ್ತದೆ. ತೋಳಿಲ್ಲದ್ದು ಹಾಕುವುದು ನಿಮ್ಮ ಇಷ್ಟ, ಆದರೆ ತೋಳು ಪಕ್ಕೆಗೆ ಉಜ್ಜುವವರಿಗೆ ಸಡಿಲವಾದ ಗಿಡ್ಡ ಹತ್ತಿ ತೋಳೇ ಹಿತ, ನಡುವೆ ಬೆವರು ಹೀರಲು ಒಂದು ಪದರ ಸಿಗುತ್ತದೆ. ಲಂಗ, ಫ್ರಾಕುಗಳ ಒಳಗೆ ಮೊಣಕಾಲಿನವರೆಗಿನ ತೆಳು ಹತ್ತಿ ಚಡ್ಡಿ ಹಾಕಿ, ತೊಡೆಯ ಉರಿ ಅರ್ಧ ಅಲ್ಲೇ ಮುಗಿಯುತ್ತದೆ.

ಟ್ರಯಲ್ ರೂಮಿನಲ್ಲಿ ಕನ್ನಡಿ ನೋಡುವುದು ಆಮೇಲೆ. ಮೊದಲು ಬಸ್ಸಿನ ಕಂಬಿ ಹಿಡಿದ ಹಾಗೆ ಎರಡೂ ಕೈ ಎತ್ತಿ. ಸ್ಟೂಲಿದ್ದರೆ ಕೂತು ಏಳಿ. ಬಗ್ಗಿ ಚಪ್ಪಲಿ ಮುಟ್ಟಿ. ಎಲ್ಲೂ ಹಿಡಿಯಲಿಲ್ಲ ಅಂದರೆ ಬಣ್ಣ ಯಾವುದಾದರೂ ಸರಿ, ಹಳದಿ, ಗಿಳಿಹಸಿರು, ಅಡ್ಡ ಗೆರೆ, ದೊಡ್ಡ ಹೂವು.

‘ಅದರ ಬದಲು ಸ್ವಲ್ಪ ಸಣ್ಣ ಆಗಬಾರದಾ?’ ಅನ್ನುವವರು ಇದ್ದೇ ಇರುತ್ತಾರೆ. ಆಗಬಹುದು, ಬಿಡಬಹುದು, ಅದು ಅವರವರ ಮೈ, ಅವರವರ ಡಾಕ್ಟರು. ಅಲ್ಲಿಯವರೆಗೆ ಏಪ್ರಿಲ್ ಕಾಯುವುದಿಲ್ಲ. ಬಟ್ಟೆ ಬೇಕಾಗಿರುವುದು ಇವತ್ತಿನ ಮೈಗೆ, ಮತ್ತು ನಡೆದಾಡಲು ಹಿತವಾದ ಬಟ್ಟೆ ಇದ್ದರೆ ತಾನೇ ನಡೆದಾಡುವುದು.

ಇನ್ನು ಲೇಖನ ಬರೆಯುವವರಿಗೆ, ಬಟ್ಟೆ ಮಾರುವವರಿಗೆ ನನ್ನ ಬೇಡಿಕೆ ದೊಡ್ಡದೇನಲ್ಲ. ಬೇಸಿಗೆ ಅಂತ ತಲೆಬರಹ ಕೊಟ್ಟರೆ ಒಳಗೆ ಬೆವರಿನ ಮಾತಾಡಿ. ಆನ್‌ಲೈನಿನಲ್ಲಿ ಎಕ್ಸ್‌ಎಲ್, ಡಬಲ್ ಎಕ್ಸ್‌ಎಲ್ ಅನ್ನುವ ಬದಲು ಭುಜ, ಎದೆ, ಹೊಟ್ಟೆ, ಸೊಂಟ, ತೋಳಿನ ಸುತ್ತಳತೆಯನ್ನು ಇಂಚಿನಲ್ಲಿ ಕೊಡಿ. ‘ಕಾಟನ್ ಫೀಲ್’ ಅಂತ ಬರೆಯಬೇಡಿ, ಎಷ್ಟು ಪರ್ಸೆಂಟ್ ಕಾಟನ್ ಅಂತ ಬರೆಯಿರಿ. ಹೊಲಿಗೆಯ ಒಳಗೆ ಒಂದಿಂಚು ಬಟ್ಟೆ ಬಿಡಿ, ಬಿಚ್ಚಿ ಸಡಿಲ ಮಾಡಿಕೊಳ್ಳುತ್ತೇವೆ. ಮತ್ತೆ ಆ ಕೊನೇ ರ‍್ಯಾಕನ್ನು ಸ್ವಲ್ಪ ಮುಂದಕ್ಕೆ ತನ್ನಿ. ದುಡ್ಡು ನಾವೂ ಅಷ್ಟೇ ಕೊಡುತ್ತೇವೆ.