ಪ್ರಶಸ್ತ ಕಾಲ ಯಾರಿಗೆ?

ಪ್ರವಾಸಿಗರ ಕೈಪಿಡಿಗಳಲ್ಲಿ ಒಂದು ಸಾಲು ತಪ್ಪದೆ ಬರುತ್ತದೆ. ಊರಿಗೆ ದಾರಿ ಯಾವುದು, ದೂರವೆಷ್ಟು, ಉಳಿದುಕೊಳ್ಳಲು ಅನುಕೂಲವೆಲ್ಲಿ ಎಂಬುದನ್ನೆಲ್ಲ ಹೇಳಿ ಮುಗಿಸಿದ ಮೇಲೆ, 'ಭೇಟಿಗೆ ಪ್ರಶಸ್ತ ಕಾಲ: ಅಕ್ಟೋಬರ್‌ನಿಂದ ಮಾರ್ಚ್' ಎಂದು ಅಚ್ಚಾಗಿರುತ್ತದೆ. ಹಂಪೆಗೂ ಅದೇ, ಬೇಲೂರಿಗೂ ಅದೇ, ನಮ್ಮ ಹೆಗ್ಗಡದೇವನಕೋಟೆಯ ಕಾಡಿಗೂ ಅದೇ. ವಾಚಕರು ಅದನ್ನು ಓದುತ್ತಾರೆ, ನಂಬುತ್ತಾರೆ, ರಜೆ ಹಾಕಿ ಹೊರಡುತ್ತಾರೆ.

ಸಾಹಿತ್ಯದ ಪುಟದಲ್ಲಿ ಈ ಸಾಲಿಗೇನು ಕೆಲಸ ಎಂದು ಯಾರಾದರೂ ಕೇಳಬಹುದು. ಅದು ಕೈಪಿಡಿಯಲ್ಲಿಯೇ ಉಳಿದಿದ್ದರೆ ಕೆಲಸವೇನೂ ಇರುತ್ತಿರಲಿಲ್ಲ. ಆದರೆ ಈಚಿನ ವರ್ಷಗಳಲ್ಲಿ ಅದು ಮೆಲ್ಲಗೆ ನಮ್ಮ ಪ್ರವಾಸ ಸಾಹಿತ್ಯದೊಳಕ್ಕೂ ಇಳಿದಿದೆ. ಲೇಖಕರು ಹಿತವಾದ ಹವೆಯಲ್ಲಿ ಒಂದು ಊರಿಗೆ ಹೋಗಿ, ಹಿತವಾದ ಹವೆಯಲ್ಲಿ ಹಿಂತಿರುಗಿ, ತಾವು ಕಂಡದ್ದೇ ಆ ಊರು ಎಂದು ಬರೆಯುತ್ತಾರೆ. ಪುಸ್ತಕದ ಊರಿನಲ್ಲಿ ಯಾವಾಗಲೂ ತಂಗಾಳಿ, ಯಾವಾಗಲೂ ತಿಳಿ ಆಕಾಶ. ಮಳೆ ಬಂದರೆ ಅದು ಪ್ರವಾಸಕ್ಕೆ ಬಂದ ವಿಘ್ನ. ಈ ದೃಷ್ಟಿಯಲ್ಲಿ ಏನೋ ಕೊರತೆಯಿದೆ ಎಂದು ನನಗೆ ತೋರಿದ್ದು ಯಾವ ಗ್ರಂಥದಿಂದಲೂ ಅಲ್ಲ; ಒಬ್ಬ ವಿದ್ಯಾರ್ಥಿಯ ಉತ್ತರಪತ್ರಿಕೆಯಿಂದ.

ಕೆಲವು ವರ್ಷಗಳ ಹಿಂದೆ ಪದವಿ ತರಗತಿಗೆ ನಾನು ಒಂದು ಪ್ರಬಂಧ ಕೊಟ್ಟಿದ್ದೆ: 'ನಮ್ಮೂರನ್ನು ನೋಡಲು ಯಾವ ಕಾಲದಲ್ಲಿ ಬರಬೇಕು?' ಹೆಚ್ಚಿನವರು ಕೈಪಿಡಿಯ ಸಾಲನ್ನೇ ಹಿಗ್ಗಿಸಿ ಎರಡು ಪುಟ ಮಾಡಿದರು. ಕೋಟೆಯ ಕಡೆ ಕಾಡಂಚಿನ ಹಾಡಿಯಿಂದ ಬರುತ್ತಿದ್ದ ಒಬ್ಬ ಹುಡುಗ ಮಾತ್ರ ಬೇರೆಯಾಗಿ ಬರೆದಿದ್ದ. ಡಿಸೆಂಬರಿನಲ್ಲಿ ಬರಬೇಡಿ, ಆಗ ನಮ್ಮವರೆಲ್ಲ ಕೊಡಗಿನ ತೋಟಗಳಲ್ಲಿ ಕಾಫಿ ಹಣ್ಣು ಬಿಡಿಸುತ್ತಿರುತ್ತಾರೆ, ಹಾಡಿಯಲ್ಲಿ ಮುದುಕರೂ ನಾಯಿಗಳೂ ಮಾತ್ರ ಇರುತ್ತಾರೆ. ಮಳೆ ಹಿಡಿದ ಮೇಲೆ ಬನ್ನಿ, ದಾರಿ ಜಾರುತ್ತದೆ, ಆದರೆ ಮಾತನಾಡಿಸುವುದಕ್ಕೆ ಜನ ಇರುತ್ತಾರೆ - ಇಷ್ಟು ಅವನ ಪ್ರಬಂಧದ ಸಾರ. ನಾನು ಕಾಗುಣಿತದ ತಪ್ಪುಗಳಿಗೆ ಕೆಂಪು ಗೆರೆ ಎಳೆದೆ. ಅಂಚಿನಲ್ಲಿ 'ವಿಷಯಾಂತರ' ಎಂದು ಷರಾ ಬರೆದು ಅಂಕ ಕಳೆದೆ. ಅವನು ಏನನ್ನೂ ಕೇಳದೆ ಪತ್ರಿಕೆ ತೆಗೆದುಕೊಂಡು ಹೋದ.

ಕೇಳಿದ ಪ್ರಶ್ನೆಗೆ ಆ ತರಗತಿಯಲ್ಲಿ ಉತ್ತರ ಬರೆದವನು ಅವನೊಬ್ಬನೇ ಎಂಬುದು ನನಗೆ ತಿಳಿಯುವ ಹೊತ್ತಿಗೆ ತಡವಾಗಿತ್ತು. ಉಳಿದವರು ಹವೆಯನ್ನು ಕುರಿತು ಬರೆದಿದ್ದರು. ಅವನು ಊರನ್ನು ಕುರಿತು ಬರೆದಿದ್ದ.

ನಮ್ಮ ಕಾವ್ಯಮೀಮಾಂಸೆಗೆ ಈ ವಿಚಾರ ಹೊಸದೇನಲ್ಲ. 11ನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಔಚಿತ್ಯದ ಬಗೆಗಳನ್ನು ಎಣಿಸುವಾಗ ದೇಶೌಚಿತ್ಯವನ್ನೂ ಕಾಲೌಚಿತ್ಯವನ್ನೂ ಹೇಳಿದ್ದಾನೆ. ಹೇಳುವ ಮಾತು ಆ ನೆಲಕ್ಕೂ ಆ ಹೊತ್ತಿಗೂ ಒಪ್ಪಬೇಕು. ಸಂಗಂ ಕಾಲದ ತಮಿಳರು ಇನ್ನೂ ಮುಂದೆ ಹೋಗಿ ನೆಲಕ್ಕೂ ಕಾಲಕ್ಕೂ ಗಂಟುಹಾಕಿದರು: ಬೆಟ್ಟದ ಕುರಿಂಜಿಗೆ ಚಳಿಯ ಕಾಲ, ಕಾಡುಗಾವಲಿನ ಮುಲ್ಲೈಗೆ ಮಳೆಗಾಲ, ಬೆಂದ ಪಾಲೈಗೆ ಬೇಸಗೆ. ಒಂದೊಂದು ನೆಲಕ್ಕೂ ತನ್ನದೇ ಆದ ಹೊತ್ತು ಉಂಟು ಎಂಬುದು ಅವರ ತಿಳಿವಳಿಕೆ. ನಮ್ಮ ಮಹಾಕಾವ್ಯಗಳ ಹದಿನೆಂಟು ವರ್ಣನೆಗಳಲ್ಲಿಯೂ ಋತುವರ್ಣನೆ ಸೇರಿದೆ. ಅದು ಎಷ್ಟೋ ಕಡೆ ಬರಿಯ ಕಟ್ಟಳೆಯಾಗಿ ಒಣಗಿತೆಂಬುದು ನಿಜ. ಆದರೂ 941ರ ಸುಮಾರಿಗೆ ಪಂಪ ಬನವಾಸಿಯನ್ನು ನೆನೆಯುವಲ್ಲಿ ಗಾಳಿ, ಹೂವು, ಹಾಡು ಎಲ್ಲವೂ ಆ ನೆಲದವೇ ಆಗಿವೆ. ಆರು ಋತುಗಳನ್ನು ಬಲ್ಲ ಸಾಹಿತ್ಯವೊಂದು ಈಗ 'ಸೀಸನ್' ಮತ್ತು 'ಆಫ್ ಸೀಸನ್' ಎಂಬ ಎರಡಕ್ಕೆ ಬಂದು ನಿಂತಿರುವುದು ಬಡತನವೇ ಸರಿ. ನಮ್ಮ ರೈತನಾದರೋ ಭರಣಿ, ಕೃತ್ತಿಕೆ, ರೋಹಿಣಿ ಎಂದು ಹದಿಮೂರು ಹದಿನಾಲ್ಕು ದಿನಕ್ಕೊಂದು ಮಳೆಯ ಹೆಸರು ಹೇಳಬಲ್ಲ.

ನಾನು ಓಡಾಡುವ ನಾಲ್ಕು ಸೀಮೆಗಳನ್ನೇ ತೆಗೆದುಕೊಂಡು ಕೈಪಿಡಿಯ ಸಾಲನ್ನು ಪರೀಕ್ಷಿಸೋಣ.

ಪಿರಿಯಾಪಟ್ಟಣದ ಸೀಮೆಯಲ್ಲಿ ಬೈಲುಕುಪ್ಪೆ ಇದೆ. ಟಿಬೆಟನ್ನರ ಮೊದಲ ನೆಲೆ ಅಲ್ಲಿ ಏರ್ಪಟ್ಟದ್ದು 1961ರಲ್ಲಿ. ನಮ್‌ಡ್ರೋಲಿಂಗ್ ಮಠ ಬಂದದ್ದು 1963ರಲ್ಲಿ. 1999ರಲ್ಲಿ ಸ್ವರ್ಣಮಂದಿರ ತೆರೆದ ಮೇಲೆ ಜನಸಂದಣಿ ಹೆಚ್ಚಿತು. ಕೈಪಿಡಿಯ ಪ್ರಕಾರ ಚಳಿಗಾಲವೇ ಅಲ್ಲಿಗೆ ಪ್ರಶಸ್ತ. ಆದರೆ ಚಳಿಗಾಲ ಬಂತೆಂದರೆ ಅಲ್ಲಿನ ಎಷ್ಟೋ ಸಂಸಾರಗಳು ಸ್ವೆಟರ್ ಗಂಟು ಕಟ್ಟಿಕೊಂಡು ದೂರದ ಪಟ್ಟಣಗಳ ಬೀದಿಗಳಿಗೆ ವ್ಯಾಪಾರಕ್ಕೆ ಹೊರಟುಬಿಡುತ್ತವೆ. ಬೆಂಗಳೂರಿನವರು ಟಿಬೆಟನ್ನರನ್ನು ನೋಡಲು ಬೈಲುಕುಪ್ಪೆಗೆ ಬರುವ ಹೊತ್ತಿಗೆ, ಬೈಲುಕುಪ್ಪೆಯವರು ಬೇರೆಲ್ಲೋ ಪಾದಚಾರಿ ದಾರಿಯಲ್ಲಿ ಉಣ್ಣೆಯ ಬಟ್ಟೆ ಹರವಿಕೊಂಡು ಕುಳಿತಿರುತ್ತಾರೆ. ಅವರು ಹಿಂತಿರುಗಿ, ತಮ್ಮ ಹೊಸ ವರ್ಷವಾದ ಲೋಸರ್ ಹಬ್ಬ ಮಾಡುವುದು ಸಾಮಾನ್ಯವಾಗಿ ಫೆಬ್ರವರಿ ಇಲ್ಲವೆ ಮಾರ್ಚ್‌ನಲ್ಲಿ. ಮಂದಿರವನ್ನು ಯಾವಾಗ ಬೇಕಾದರೂ ನೋಡಬಹುದು. ಮನೆಯವರನ್ನು ಕಾಣುವುದಕ್ಕೆ ಹಬ್ಬದ ಹೊತ್ತೇ ಬೇಕು.

ಅದೇ ತಾಲ್ಲೂಕಿನ ಬೆಟ್ಟದಪುರದ ದೇವರಿಗೆ ಸಿಡಿಲು ಮಲ್ಲಿಕಾರ್ಜುನನೆಂದು ಹೆಸರು. ಸಿಡಿಲೇ ಬಂದು ಪೂಜೆ ಸಲ್ಲಿಸುತ್ತದೆಂದು ಜನರ ನಂಬಿಕೆ. ಹೆಸರಿನಲ್ಲಿಯೇ ಕಾಲವನ್ನು ಹೊತ್ತುಕೊಂಡಿರುವ ಬೆಟ್ಟ ಅದು. ಜನವರಿಯ ತಿಳಿಬಿಸಿಲಿನಲ್ಲಿ ಅದನ್ನು ಹತ್ತಿ ಇಳಿದವರು ಚೆಲುವಾದ ನೋಟವನ್ನು ಕಂಡಿರುತ್ತಾರೆ, ಸಂದೇಹವಿಲ್ಲ. ಆದರೆ ಮುಂಗಾರಿಗೆ ಮೊದಲಿನ ಗುಡುಗಿನಲ್ಲಿ ಕೆಳಗಿನ ಊರಿನ ಜಗಲಿಯಿಂದ ಅದನ್ನು ಒಮ್ಮೆ ನೋಡಿದವರಿಗೆ ಆ ಹೆಸರು ಹೇಗೆ ಹುಟ್ಟಿತೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಹುಣಸೂರಿನದು ಇನ್ನೊಂದು ಕಥೆ. ಇಲ್ಲಿಯ ನೆಲ ಹೊಗೆಸೊಪ್ಪಿನದು. ಬೇಸಗೆಯ ಮಳೆಗೆ ಸಸಿ ನೆಟ್ಟರೆ, ಜುಲೈ ಆಗಸ್ಟ್ ಹೊತ್ತಿಗೆ ಎಲೆ ಮುರಿದು ಬ್ಯಾರನ್‌ಗಳಿಗೆ ಏರಿಸುತ್ತಾರೆ. ಹಗಲಿರುಳು ಬೆಂಕಿ ಕಾಯಬೇಕು. ಶಾಖ ಒಂದಿಷ್ಟು ಹೆಚ್ಚು ಕಡಿಮೆಯಾದರೆ ಎಲೆಯ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಹರಾಜಿನಲ್ಲಿ ಬೆಲೆ ಬೀಳುತ್ತದೆ. ಆಗ ಇಲ್ಲಿ ಬಸ್ಸಿನಿಂದ ಇಳಿದವರಿಗೆ ಮಳೆಯ ವಾಸನೆಯೊಡನೆ ಬೇಯುವ ಎಲೆಯ ಘಾಟೂ ಮೂಗಿಗೆ ಬಡಿಯುತ್ತದೆ. ಹರಾಜು ನಡೆಯುವ ತಿಂಗಳುಗಳಲ್ಲಿ ಮದುವೆ, ಸಾಲ, ಮಕ್ಕಳ ಓದು ಎಲ್ಲದರ ಮಾತೂ ಆ ದಿನದ ಬೆಲೆಯ ಮೇಲೆ ನಿಲ್ಲುತ್ತದೆ. ಹುಣಸೂರನ್ನು ಕುರಿತು ಬರೆದ ಪ್ರವಾಸದ ಟಿಪ್ಪಣಿಗಳನ್ನು ನೋಡಿದರೆ, ಅದು ನಾಗರಹೊಳೆಗೆ ಹೋಗುವ ದಾರಿಯಲ್ಲಿ ಕಾಫಿ ಕುಡಿಯಲು ಸಿಕ್ಕುವ ಊರು, ಅಷ್ಟೆ.

ಕೆ.ಆರ್. ನಗರದ ಕಡೆ ಬನ್ನಿ. ಚುಂಚನಕಟ್ಟೆಯಲ್ಲಿ ಕಾವೇರಿ ಧುಮುಕುವುದನ್ನು ನೋಡಬೇಕಾದರೆ ಕೊಡಗಿನಲ್ಲಿ ಮಳೆ ಸುರಿಯುವ ಆಷಾಢ ಶ್ರಾವಣಗಳಲ್ಲಿ ಹೋಗಬೇಕು. ಆದರೆ ಅಲ್ಲಿ ಜನ ಸೇರುವುದು ಸಂಕ್ರಾಂತಿಯ ಜಾತ್ರೆಗೆ. ಆಗ ಹೊಳೆ ಸಣ್ಣಗಾಗಿರುತ್ತದೆ, ದಡ ತುಂಬಿರುತ್ತದೆ. ಜೋಡೆತ್ತುಗಳ ಹಲ್ಲು ನೋಡುವವರು, ಸುಳಿ ನೋಡುವವರು, ಬೆಲೆ ಕೇಳಿ ಮುಖ ತಿರುಗಿಸಿಕೊಂಡು ಹೋಗಿ ಮತ್ತೆ ಅಲ್ಲಿಗೇ ಬರುವವರು! ನೀರಿಗೆ ಒಂದು ಕಾಲ, ಜನಕ್ಕೆ ಒಂದು ಕಾಲ. ಅದೇ ಸೀಮೆಯ ಕಪ್ಪಡಿಯ ಜಾತ್ರೆಗೆ ಶಿವರಾತ್ರಿಯೇ ಕಾಲ. ಮಂಟೇಸ್ವಾಮಿ ಪರಂಪರೆಯ ರಾಚಪ್ಪಾಜಿಯ ಗದ್ದುಗೆಯ ಬಳಿ, ಕಾವೇರಿಯ ದಡದಲ್ಲಿ, ಒಕ್ಕಲು ಮಕ್ಕಳು ದಿನಗಟ್ಟಲೆ ಬಿಡಾರ ಹೂಡುತ್ತಾರೆ. ನೀಲಗಾರರ ಮಂಟೇಸ್ವಾಮಿ ಕಾವ್ಯವನ್ನು ನಾವು ತರಗತಿಯಲ್ಲಿ ಅಚ್ಚಿನ ಪುಸ್ತಕದಿಂದ ಪಾಠ ಮಾಡುತ್ತೇವೆ. ಅದು ಹಾಡುವವರ ಬಾಯಲ್ಲಿ, ನಂಬಿ ಕೇಳುವವರ ನಡುವೆ ಹೇಗಿರುತ್ತದೆಂದು ತಿಳಿಯಲು ಪಂಚಾಂಗ ನೋಡಬೇಕು. ಹವಾಮಾನದ ವರದಿ ನೋಡಿದರೆ ಸಾಲದು.

ಇನ್ನು ಹೆಗ್ಗಡದೇವನಕೋಟೆ. ಇಲ್ಲಿ ಕೈಪಿಡಿಗಳೂ ಸ್ವಲ್ಪ ತಡವರಿಸುತ್ತವೆ. ಹಿತವಾದ ಹವೆಗೆ ಚಳಿಗಾಲ ಎನ್ನುತ್ತವೆ. ಆನೆಗಳನ್ನು ಕಾಣುವುದಕ್ಕೆ ಮಾರ್ಚ್‌ನಿಂದ ಮೇ ಎನ್ನುತ್ತವೆ. ಎರಡನೆಯದು ಸತ್ಯವೇ. ಕಾಡಿನ ಕೆರೆಕಟ್ಟೆಗಳು ಬತ್ತಿದಾಗ, ಕಬಿನಿಯ ಹಿನ್ನೀರು ಇಳಿದು ಹೊರಬಿದ್ದ ನೆಲದಲ್ಲಿ ಹಸಿ ಹುಲ್ಲು ಚಿಗುರುತ್ತದೆ. ಹಿಂಡು ಹಿಂಡಾಗಿ ಆನೆಗಳು ಅಲ್ಲಿಗೆ ಬರುತ್ತವೆ. ಏಷ್ಯದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಸೇರುವ ಸ್ಥಳಗಳು ಪ್ರಪಂಚದಲ್ಲಿ ಬಹಳವಿಲ್ಲ. ಆದರೆ ನಾವು 'ಪ್ರಶಸ್ತ' ಎನ್ನುವ ಈ ಕಾಲ ಪ್ರಾಣಿಗೆ ನೀರಡಿಕೆಯ ಕಾಲ, ಕಾಡಿಗೆ ಬೆಂಕಿಯ ಭಯದ ಕಾಲ. ಬೆಂಕಿ ಕಾಯುವುದಕ್ಕೆ ನಿಲ್ಲುವವರಲ್ಲಿ ಹಾಡಿಯ ಹುಡುಗರೂ ಇರುತ್ತಾರೆ. ಇದಕ್ಕೂ ಮೊದಲು, ರಾಗಿ ಭತ್ತಗಳು ತೆನೆಗೆ ಬಂದ ತಿಂಗಳುಗಳಲ್ಲಿ, ಕಾಡಂಚಿನ ರೈತ ಅದೇ ಆನೆಗೆ ಹೆದರಿ ಅಟ್ಟಣೆಯ ಮೇಲೆ ರಾತ್ರಿ ಕಳೆದಿರುತ್ತಾನೆ. ಒಂದೇ ಪ್ರಾಣಿ, ನೋಡುವವನು ಯಾರು, ಯಾವ ತಿಂಗಳು ಎಂಬುದರ ಮೇಲೆ ಅದು ಸೊಬಗೂ ಆಗುತ್ತದೆ, ಸಂಕಟವೂ ಆಗುತ್ತದೆ.

ಈ ಹಿನ್ನೀರಿಗೂ ಒಂದು ಕಥೆಯುಂಟು. ಕಬಿನಿ ಅಣೆಕಟ್ಟು ಮುಗಿದದ್ದು 1974ರಲ್ಲಿ. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು ಅದಕ್ಕೆ ಮೂರು ವರ್ಷ ಮೊದಲು, 1971ರಲ್ಲಿ. ಆ ಕಾಡಿನ ಒಂದು ಭಾಗವೂ ಹಲವು ಹಳ್ಳಿಗಳೂ ನೀರಿನ ಅಡಿಯಾದವು. ಮಾಸ್ತಿಯವರ 'ಕಾಕನಕೋಟೆ' ನಾಟಕವನ್ನು ಓದಿದವರಿಗೂ, 1977ರಲ್ಲಿ ಸಿ.ಆರ್. ಸಿಂಹ ಅವರು ಮಾಡಿದ ಚಲನಚಿತ್ರವನ್ನು ಕಂಡವರಿಗೂ ಈ ಹೆಸರು ಹೊಸದಲ್ಲ. ಮಾಸ್ತಿಯವರ ನಾಟಕದ ಹೆಚ್ಚುಗಾರಿಕೆ ನನಗೆ ಕಾಣುವುದು ಇಲ್ಲಿ: ಅವರು ಕಾಡನ್ನು ನೋಡತಕ್ಕ ಸ್ಥಳವೆಂದು ಬಗೆಯಲಿಲ್ಲ. ಅದು ಕಾಡುಕುರುಬರ ಮನೆ. ಪಟ್ಟಣದವರು ಅಲ್ಲಿಗೆ ಹೊರಗಿನಿಂದ ಬಂದವರು. ಯಾರು ಒಳಗಿನವರು, ಯಾರು ಬಂದವರು ಎಂಬ ವಿವೇಕ ಆ ನಾಟಕವನ್ನು ಇಂದಿಗೂ ಹಿಡಿದು ನಿಲ್ಲಿಸಿದೆ. ಇಂದಿನ ಪ್ರವಾಸ ಲೇಖನಗಳಲ್ಲಿ ನಾನು ಹುಡುಕುವುದೂ ಆ ವಿವೇಕವನ್ನೇ. 1967ರಲ್ಲಿ ಬಂದ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಮಳೆ, ಕೆಸರು, ಇಂಬಳಗಳು ಎಷ್ಟು ತುಂಬಿವೆ! ಅಲ್ಲಿ ಮಳೆ ಯಾರಿಗೂ ವಿಘ್ನವಲ್ಲ. ಜನ ಬದುಕುವುದೇ ಅದರೊಳಗೆ.

ಈ ರೋಗ ನಮ್ಮೊಬ್ಬರದೇ ಎಂದು ಕೊರಗಬೇಕಾಗಿಲ್ಲ. ಪ್ರವಾಸ ಸಾಹಿತ್ಯಕ್ಕೆ ತೌರುಮನೆಯಂತಿರುವ ಇಟಲಿಯನ್ನು ನೋಡಿ. ಗಯಟೆ ದಕ್ಷಿಣದ ಕಡಲ ತೀರದ ನೇಪಲ್ಸ್ ನಗರವನ್ನು ಮುಟ್ಟಿದ್ದು 1787ರ ಫೆಬ್ರವರಿಯಲ್ಲಿ. ನಡುವೆ ಸಿಸಿಲಿಗೆ ಹೋಗಿಬಂದು, ಜೂನ್ ಆರಂಭದಲ್ಲಿ ನೇಪಲ್ಸ್ ಬಿಟ್ಟ. ಚಳಿ ಕಳೆದು ಹೂವು ಬಿಡುವ ಹೊತ್ತು. ಅವನ ಇಟಲಿ ಯಾತ್ರೆಯ ಗ್ರಂಥದ ಉಲ್ಲಾಸದಲ್ಲಿ ಆ ವಸಂತದ ಪಾಲೂ ಇದೆ. ಇಂದಿನ ಕೈಪಿಡಿಗಳೂ ಅಲ್ಲಿಗೆ ವಸಂತವನ್ನೂ ಶರತ್ಕಾಲವನ್ನೂ ಹೇಳಿ, ಆಗಸ್ಟ್ ಬೇಡ ಎನ್ನುತ್ತವೆ: ಸೆಕೆ ಹೆಚ್ಚು, ಊರವರೇ ರಜೆಯೆಂದು ಅಂಗಡಿಗಳಿಗೆ ಬೀಗ ಹಾಕಿ ಹೊರಟುಹೋಗಿರುತ್ತಾರೆ. ಇದೇ ದಕ್ಷಿಣ ಇಟಲಿಯನ್ನು ಕುರಿತು ಕಾರ್ಲೊ ಲೇವಿ ಬರೆದ ಪುಸ್ತಕ ಬಂದದ್ದು 1945ರಲ್ಲಿ. ಅವನು ಉತ್ತರದ ಟೂರಿನ್ ನಗರದವನು, ವೈದ್ಯ, ಚಿತ್ರಕಾರ. ಮುಸೊಲಿನಿಯ ಸರ್ಕಾರ 1935ರಲ್ಲಿ ಅವನನ್ನು ದಕ್ಷಿಣದ ಲುಕಾನಿಯ ಪ್ರಾಂತ್ಯಕ್ಕೆ ಗಡೀಪಾರು ಮಾಡಿತು. ಕಾಲವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಅವನಿಗಿರಲಿಲ್ಲ. ಬೇಸಗೆಯ ಧಗೆ, ಚಳಿ, ಮಲೇರಿಯ, ತೆರಿಗೆ, ಬಡತನ - ಎಲ್ಲವನ್ನೂ ಆ ಹಳ್ಳಿಯವರೊಡನೆ ಕಂಡ. ಗಯಟೆಯ ಗ್ರಂಥ ದೊಡ್ಡದು, ನಿಜ. ಆದರೆ ದಕ್ಷಿಣ ಇಟಲಿಯ ರೈತನ ಮುಖವನ್ನು ಕಾಣಬೇಕೆನ್ನುವವರು ಲೇವಿಯ ಬಳಿಗೇ ಹೋಗಬೇಕು.

ಇದಕ್ಕೆ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೇ. ಸಂಬಳದ ಮನುಷ್ಯನಿಗೆ ರಜೆ ಸಿಕ್ಕುವುದು ದಸರೆಯಲ್ಲಿ, ಕ್ರಿಸ್ಮಸ್ಸಿನಲ್ಲಿ, ಮಕ್ಕಳ ಪರೀಕ್ಷೆ ಮುಗಿದ ಮೇಲೆ. ವಯಸ್ಸಾದ ತಾಯಿಯನ್ನು ಕರೆದುಕೊಂಡು ಜಾರುವ ದಾರಿಯಲ್ಲಿ ಹೋಗು ಎಂದರೆ ಯಾರು ಕೇಳಿಯಾರು? ನಾನೂ ಹಾಗೆ ಹೇಳುವವನಲ್ಲ. ಅನುಕೂಲವಾದಾಗ ಹೋಗುವುದು ತಪ್ಪಲ್ಲ. ತನ್ನ ಅನುಕೂಲವನ್ನು ಊರಿನ ಲಕ್ಷಣವೆಂದು ಬರೆಯುವುದು ತಪ್ಪು. ಪ್ರವಾಸಿಗೆ ಕ್ಷಮೆಯಿದೆ, ಲೇಖಕನಿಗೆ ಅಷ್ಟು ಸುಲಭವಾಗಿ ಕ್ಷಮೆ ಸಲ್ಲದು. ಅವನು ಮಾಡಬೇಕಾದದ್ದೂ ಬಹಳ ಕಷ್ಟದ್ದಲ್ಲ. ತಾನು ಯಾವ ತಿಂಗಳಲ್ಲಿ ಹೋಗಿದ್ದೆ ಎಂದು ಹೇಳಲಿ. ಆಗ ಆ ಊರಿನಲ್ಲಿ ಯಾವ ಕೆಲಸ ನಡೆದಿತ್ತು, ಯಾರು ಮನೆಯಲ್ಲಿರಲಿಲ್ಲ, ಅವರು ಎಲ್ಲಿಗೆ ಹೋಗಿದ್ದರು ಎಂದು ಒಂದು ಮಾತು ಕೇಳಿ ತಿಳಿದು ಬರೆಯಲಿ. ಅಷ್ಟಾದರೂ ಇದ್ದರೆ ಕಾಲೌಚಿತ್ಯ ಉಳಿಯುತ್ತದೆ.

ಆ ವಿದ್ಯಾರ್ಥಿ ಪದವಿ ಮುಗಿಸಿ ಹೋದ. ಈಗ ಎಲ್ಲಿದ್ದಾನೋ ನನಗೆ ತಿಳಿಯದು. ಅವನ ಹಾಡಿಗೆ ನಾನಿನ್ನೂ ಹೋಗಿಲ್ಲ. ಹೋಗುವುದಾದರೆ ಮಳೆ ಹಿಡಿದ ಮೇಲೆಯೇ ಹೋಗಬೇಕೆಂದಿದ್ದೇನೆ. ಆ ಪ್ರಬಂಧವನ್ನು ಈಗಲೂ ಪ್ರತಿ ವರ್ಷ ಕೊಡುತ್ತೇನೆ. ಅಂಚಿನಲ್ಲಿ 'ವಿಷಯಾಂತರ' ಎಂದು ಬರೆಯುವ ಮೊದಲು, ವಿಷಯ ಬಿಟ್ಟು ಹೋದವನು ಹುಡುಗನೋ ನಾನೋ ಎಂದು ಎರಡು ಸಲ ಓದಿ ನೋಡುತ್ತೇನೆ.