‘ಇಲ್ಲಿ ಬೇಡ’: ಯುದ್ಧಕಾಲದ ಯೆಹೂದ್ಯ ಸಭೆ

ಆಮೋಸನ ಗ್ರಂಥದ ಏಳನೆಯ ಅಧ್ಯಾಯದಲ್ಲಿ ಬೇತೇಲಿನ ಯಾಜಕ ಅಮಚ್ಯನು ಪ್ರವಾದಿಗೆ ಎದುರಾಗುವ ಪ್ರಸಂಗವೊಂದಿದೆ. ಆಮೋಸನು ನುಡಿದದ್ದು ಸುಳ್ಳೆಂದು ಅಮಚ್ಯನು ಎಲ್ಲಿಯೂ ವಾದಿಸುವುದಿಲ್ಲ ಎಂಬುದು ಗಮನಾರ್ಹ. ಇದು ಅರಸನ ಪವಿತ್ರಾಲಯ, ಪ್ರವಾದನೆ ಮಾಡುವುದಿದ್ದರೆ ಯೆಹೂದ ನಾಡಿಗೆ ಹೋಗಿ ಮಾಡಿಕೋ, ಇಲ್ಲಿ ಮಾತ್ರ ಬೇಡ ಎಂಬುದಷ್ಟೇ ಅವನ ತಕರಾರು. ಯುದ್ಧದ ಮಾತು ದೇವಾಲಯದ ಹೊಸ್ತಿಲು ದಾಟಿದಾಗಲೆಲ್ಲ ಏಳುವ ತಕರಾರೂ ಬಹುಮಟ್ಟಿಗೆ ಇದೇ. ಮಾತು ನಿಜವೋ ಅಲ್ಲವೋ ಎಂಬ ಪ್ರಶ್ನೆ ಹಿಂದೆ ಸರಿದು, ಅದನ್ನು ಯಾರು, ಎಲ್ಲಿ, ಯಾರ ಹೆಸರಿನಲ್ಲಿ ಆಡಿದರು ಎಂಬ ಪ್ರಶ್ನೆಯೇ ದೊಡ್ಡದಾಗುತ್ತದೆ. ಅಮೆರಿಕದ ಯೆಹೂದ್ಯ ಸಭೆಗಳ ಚರಿತ್ರೆಯಲ್ಲಿ ಈ ಜಗಳದ ಜಾಡು ಸ್ಪಷ್ಟವಾಗಿ ಕಾಣಸಿಗುತ್ತದೆ. ಅದನ್ನು ಹಿಡಿಯಲು ನಾನು ಆರಿಸಿಕೊಂಡಿರುವುದು ಒಂದು ಹಳೆಯ ಪುಸ್ತಕ.

‘ವಿಯೆಟ್ನಾಂ: ಕ್ರೈಸಿಸ್ ಆಫ್ ಕಾನ್ಶೆನ್ಸ್’ ಎಂಬ ಆ ಪುಸ್ತಕ ಹೊರಬಂದದ್ದು 1967ರಲ್ಲಿ. ಬರೆದವರು ಮೂವರು: ಪ್ರೆಸ್ಬಿಟೇರಿಯನ್ ದೈವಶಾಸ್ತ್ರಜ್ಞ ರಾಬರ್ಟ್ ಮೆಕಾಫಿ ಬ್ರೌನ್, ಕಥೋಲಿಕ ಚಿಂತಕ ಮೈಕೆಲ್ ನೊವಾಕ್ ಮತ್ತು ರಬ್ಬಿ ಅಬ್ರಹಾಮ್ ಜೋಶುವಾ ಹೆಷೆಲ್. ಅಂದಿಗೆ ಇಂತಹ ಸಹಯೋಗವೇ ಒಂದು ಸುದ್ದಿ. ಎರಡನೆಯ ವ್ಯಾಟಿಕನ್ ಮಹಾಸಭೆ ಮುಗಿದು ಎರಡು ವರ್ಷವೂ ತುಂಬಿರಲಿಲ್ಲ. ಪುಸ್ತಕದಲ್ಲಿ ಇಂದಿಗೂ ಉಸಿರಾಡುತ್ತಿರುವ ಭಾಗ ಹೆಷೆಲರ ಪ್ರಬಂಧವೆಂದು ನನ್ನ ಎಣಿಕೆ. ಉಳಿದ ಇಬ್ಬರ ಬರಹಗಳು ಆ ಕಾಲದ ವಾದವಿವಾದಕ್ಕೆ ಹೆಚ್ಚು ಅಂಟಿಕೊಂಡಿವೆ.

ಹೆಷೆಲರು ಹುಟ್ಟಿದ್ದು 1907ರಲ್ಲಿ, ವಾರ್ಸಾ ನಗರದ ಹಸಿದೀಯ ಗುರುಪರಂಪರೆಯ ಮನೆತನದಲ್ಲಿ. ಬರ್ಲಿನ್ನಿನಲ್ಲಿ ಪ್ರವಾದಿಗಳನ್ನು ಕುರಿತು ಸಂಶೋಧನೆ ನಡೆಸಿದರು. 1938ರಲ್ಲಿ ನಾಜಿಗಳಿಂದ ಗಡೀಪಾರಾದರು. 1940ರಲ್ಲಿ ಅಮೆರಿಕ ತಲುಪಿದರು. ತಾಯಿಯನ್ನೂ ಸೋದರಿಯರನ್ನೂ ನಾಜಿಗಳ ದಾಳಿಯಲ್ಲಿ ಕಳೆದುಕೊಂಡರು. 1962ರಲ್ಲಿ ‘ದಿ ಪ್ರಾಫೆಟ್ಸ್’ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಗ್ರಂಥಾಲಯದ ಮೌನವನ್ನು ಮೆಚ್ಚುತ್ತಿದ್ದ ತನ್ನನ್ನು ಬೀದಿಗೆ ಕರೆತಂದದ್ದು ಆ ಪ್ರವಾದಿಗಳೇ ಎಂದು ಅವರು ಕೊನೆಗಾಲದಲ್ಲಿ ಹೇಳಿಕೊಂಡರು. 1965ರಲ್ಲಿ ಸೆಲ್ಮಾದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರೊಡನೆ ನಡೆದರು. ಅದೇ ವರ್ಷ ವಿಯೆಟ್ನಾಂ ಯುದ್ಧದ ವಿರುದ್ಧ ಧರ್ಮಗುರುಗಳ ಸಂಘಟನೆ ಹುಟ್ಟಿದಾಗ ಅದರ ಮುಂದಾಳುಗಳಲ್ಲಿ ಒಬ್ಬರಾದರು.

ಯುದ್ಧವನ್ನು ಕುರಿತ ಮಾತುಗಳಲ್ಲಿ ಹೆಷೆಲರು ತಮ್ಮ ಬಾಲ್ಯದ ನೆನಪೊಂದನ್ನು ತರುತ್ತಾರೆ. ಏಳು ವರ್ಷದ ಹುಡುಗ ಇಸಾಕನ ಬಲಿಯ ಕಥೆಯನ್ನು ಓದುತ್ತಿದ್ದಾನೆ. ಅಬ್ರಹಾಮನು ಕತ್ತಿ ಎತ್ತುತ್ತಾನೆ, ದೇವದೂತ ತಡೆಯುತ್ತಾನೆ, ಇಸಾಕ ಉಳಿಯುತ್ತಾನೆ. ಹುಡುಗ ಬಿಕ್ಕಿ ಬಿಕ್ಕಿ ಅಳತೊಡಗುತ್ತಾನೆ. ಇಸಾಕ ಉಳಿದನಲ್ಲ, ಇನ್ನೇಕೆ ಅಳು ಎಂದು ಗುರುಗಳು ಕೇಳಿದರೆ, ದೂತನು ಒಂದು ಕ್ಷಣ ತಡವಾಗಿ ಬಂದಿದ್ದರೆ ಏನಾಗುತ್ತಿತ್ತು ಎಂಬುದು ಅವನ ಮರುಪ್ರಶ್ನೆ. ದೇವದೂತರು ತಡಮಾಡುವುದಿಲ್ಲವೆಂದು ಗುರುಗಳು ಸಮಾಧಾನ ಹೇಳುತ್ತಾರೆ. ಹೆಷೆಲರು ಅಲ್ಲಿಗೆ ನಿಲ್ಲಿಸದೆ, ದೂತರು ತಡಮಾಡಲಾರರು ನಿಜ, ಆದರೆ ರಕ್ತಮಾಂಸದ ನಾವು ತಡಮಾಡಬಲ್ಲೆವು ಎಂದು ಸೇರಿಸುತ್ತಾರೆ.

ಈ ಕಥೆಯನ್ನು ಓದಿ ಕಲಕದ ಮನಸ್ಸಿಲ್ಲ. ಆದರೂ ವಿಮರ್ಶಕನು ಒಂದು ಪ್ರಶ್ನೆ ಎತ್ತಲೇಬೇಕು: ಇಲ್ಲಿ ಇಸಾಕ ಯಾರು? ನೇಪಾಮ್ ಬೆಂಕಿಗೆ ಸಿಕ್ಕ ವಿಯೆಟ್ನಾಮಿನ ಮಗುವೆಂದು ಹೆಷೆಲರ ಓದುಗ ತಕ್ಷಣ ಉತ್ತರಿಸುತ್ತಾನೆ. ಆದರೆ ನ್ಯೂಯಾರ್ಕಿನ ಯಾವುದೋ ಸಿನಗಾಗಿನ ಹಿಂಬದಿಯ ಬೆಂಚಿನಲ್ಲಿ ಕುಳಿತ ತಂದೆಯೊಬ್ಬನ ಮಗ ಸೈನ್ಯದಲ್ಲಿದ್ದಾನೆ ಎಂದಿಟ್ಟುಕೊಳ್ಳೋಣ. ಅವನ ಪಾಲಿಗೆ ಇಸಾಕನೆಂದರೆ ತನ್ನ ಮಗನೇ. ಪ್ರಬೋಧನೆ ಕೇಳುತ್ತಾ ಅವನಿಗೆ, ನನ್ನ ಮಗನನ್ನೇ ಕತ್ತಿಯೆನ್ನುತ್ತಿದ್ದಾರಲ್ಲ ಎಂದು ನೋವಾದರೆ ಅದು ಹೇಡಿತನದಿಂದ ಹುಟ್ಟಿದ ನೋವಲ್ಲ. ಕಥೆಯಲ್ಲಿ ಇಬ್ಬರು ಇಸಾಕರಿಗೂ ಸ್ಥಳವಿತ್ತು. ಪ್ರಬಂಧವು ಒಬ್ಬನನ್ನಷ್ಟೇ ದಿಟ್ಟಿಸಿ ನೋಡುತ್ತದೆ. ಹೆಷೆಲರ ಬರಹದ ಶಕ್ತಿಯೂ ಅದರ ಮಿತಿಯೂ ಇದೇ ಎಂದು ನನಗನ್ನಿಸುತ್ತದೆ. ಅವರು ವೇದನೆಯ ಭಾಷೆಯಲ್ಲಿ ಮಾತನಾಡುತ್ತಾರೆ. ಅಸಮ್ಮತಿಯುಳ್ಳ ಸಹಭಕ್ತನೊಡನೆ ಕುಳಿತು ವಾದಿಸುವ ತಾಳ್ಮೆ ಆ ಭಾಷೆಗೆ ಕಡಿಮೆ.

ಅಸಮ್ಮತಿಯಾದರೋ ಧಾರಾಳವಾಗಿತ್ತು. 1966ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಜಾನ್ಸನ್ನರು ಯೆಹೂದ್ಯ ಮಾಜಿ ಸೈನಿಕರ ಸಂಘದ ಮುಖಂಡರೊಡನೆ ಮಾತನಾಡುತ್ತಾ, ಇಸ್ರಾಯೇಲಿಗೆ ನೆರವು ಬಯಸುವ ಸಮುದಾಯ ವಿಯೆಟ್ನಾಮಿನ ವಿಷಯದಲ್ಲಿ ತನ್ನ ಬೆನ್ನಿಗಿಲ್ಲವೆಂದು ಅಸಮಾಧಾನ ತೋಡಿಕೊಂಡರೆಂಬ ಸುದ್ದಿ ಹೊರಬಿದ್ದು ದೊಡ್ಡ ಗದ್ದಲವಾಯಿತು. ಬಾಯಿಬಿಟ್ಟರೆ ದೂರದ ಬಂಧುಗಳಿಗೆ ಕೇಡಾದೀತೆಂಬ ಭಯ ಅಂದಿನಿಂದ ಪ್ರತಿ ಮಾತಿನ ಹಿಂದೆಯೂ ಇಣುಕತೊಡಗಿತು. ಅದೇ ಹೊತ್ತಿನಲ್ಲಿ ಸುಧಾರಣಾ ಪಂಥದ ಸಭೆಗಳ ಒಕ್ಕೂಟದ ಅಧ್ಯಕ್ಷರಾಗಿದ್ದ ರಬ್ಬಿ ಮಾರಿಸ್ ಐಸೆಂಡ್ರಾತ್, ಹನುಕ್ಕಾ ಹಬ್ಬದ ಹಿನ್ನೆಲೆಯಲ್ಲಿ ಜಾನ್ಸನ್ನರಿಗೆ ಒಂದು ಬಹಿರಂಗ ಪತ್ರ ಬರೆದು ಯುದ್ಧವನ್ನು ಖಂಡಿಸಿದರು. ಅದರಲ್ಲಿ ಅಂತಿಯೋಕ ಎಪಿಫಾನನ ಪ್ರಸ್ತಾಪವೂ ಬಂತು. ಮಕ್ಕಬಿಯರ ಗ್ರಂಥಗಳನ್ನು ಓದಿದವರಿಗೆ ಆ ಹೆಸರಿನ ಕಟುತ್ವವನ್ನು ವಿವರಿಸಬೇಕಾಗಿಲ್ಲ. ನ್ಯೂಯಾರ್ಕಿನ ಪ್ರಖ್ಯಾತ ಸಭೆಯಾದ ಟೆಂಪಲ್ ಇಮ್ಯಾನ್ಯುಎಲ್ ಇದನ್ನು ಪ್ರತಿಭಟಿಸಿ 1967ರಲ್ಲಿ ಒಕ್ಕೂಟದಿಂದಲೇ ಹೊರನಡೆಯಿತು. (ಮುಂದೆ ಅದು ಮರಳಿ ಬಂದದ್ದೂ ಉಂಟು.)

ಇಮ್ಯಾನ್ಯುಎಲ್ ಸಭೆಯನ್ನು ಅಮಚ್ಯನ ಸಾಲಿಗೆ ಸೇರಿಸಿ ಮುಂದೆ ಸಾಗುವುದು ಸುಲಭ. ಆದರೆ ಅವರ ನಡೆಯ ಹಿಂದೆ ಒಂದು ನ್ಯಾಯವಾದ ಪ್ರಶ್ನೆಯಿದೆ. ನೂರಾರು ಸಭೆಗಳ ಒಕ್ಕೂಟದ ಅಧ್ಯಕ್ಷನು ಬರೆದ ಪತ್ರವನ್ನು ಜನ ಒಬ್ಬ ವ್ಯಕ್ತಿಯ ಪತ್ರವೆಂದು ಓದುವುದಿಲ್ಲ. ಯೆಹೂದ್ಯರಲ್ಲಿ ಪೋಪರಿಲ್ಲ, ಧರ್ಮಾಧ್ಯಕ್ಷರಿಲ್ಲ. ಪ್ರತಿ ಸಭೆಯೂ ತನ್ನ ರಬ್ಬಿಯನ್ನು ತಾನೇ ನೇಮಿಸಿಕೊಳ್ಳುತ್ತದೆ, ಸಂಬಳವನ್ನೂ ತಾನೇ ಕೊಡುತ್ತದೆ. ಅಂತಹ ವ್ಯವಸ್ಥೆಯಲ್ಲಿ ಒಬ್ಬನು ಎಲ್ಲರ ಪರವಾಗಿ ನುಡಿಯಬಹುದೇ? ಐಸೆಂಡ್ರಾತರು ನುಡಿದದ್ದು ಸರಿಯೆಂದು ನಂಬುವ ನನಗೂ ಈ ಪ್ರಶ್ನೆಗೆ ಸುಲಭದ ಉತ್ತರ ಹೊಳೆಯುವುದಿಲ್ಲ.

ಸಂಬಳದ ಮಾತು ಬಂದದ್ದರಿಂದ ಒಂದು ಶತಮಾನ ಹಿಂದಕ್ಕೆ ಹೋಗಬೇಕು. 1861ರ ಜನವರಿ 4ರಂದು, ಅಂತರ್ಯುದ್ಧದ ಹೊಸ್ತಿಲಲ್ಲಿ ರಾಷ್ಟ್ರೀಯ ಉಪವಾಸದ ದಿನ, ನ್ಯೂಯಾರ್ಕಿನ ರಬ್ಬಿ ಮಾರಿಸ್ ರಾಫಾಲ್, ಪವಿತ್ರ ಗ್ರಂಥದ ಪ್ರಕಾರ ಗುಲಾಮಗಿರಿ ಪಾಪವಲ್ಲವೆಂದು ಪ್ರಬೋಧಿಸಿದರು. ಹೀಬ್ರೂ ಕಾನೂನಿನ ಆಳು ಮನುಷ್ಯನಾಗಿಯೇ ಉಳಿದಿದ್ದ, ದಕ್ಷಿಣದವರ ಆಳಿನಂತೆ ವಸ್ತುವಾಗಿರಲಿಲ್ಲ ಎಂದು ಅವರು ಎಚ್ಚರಿಸಿದ್ದರೂ, ಗುಲಾಮರ ಒಡೆಯರಿಗೆ ಬೇಕಾದದ್ದು ಮೊದಲ ವಾಕ್ಯ ಮಾತ್ರ. ಬಾಲ್ಟಿಮೋರಿನ ಹರ್ ಸಿನಾಯ್ ಸಭೆಯ ರಬ್ಬಿ ಡೇವಿಡ್ ಐನ್‌ಹಾರ್ನ್ ತಮ್ಮ ಜರ್ಮನ್ ಮಾಸಪತ್ರಿಕೆ ‘ಸಿನಾಯ್’ಯಲ್ಲಿ ಇದಕ್ಕೆ ಉಗ್ರವಾಗಿ ಉತ್ತರಿಸಿದರು. ಮೇರಿಲ್ಯಾಂಡ್ ಗುಲಾಮಗಿರಿಯ ರಾಜ್ಯವಾಗಿತ್ತೆಂಬುದನ್ನು ನೆನಪಿಡಬೇಕು. ಏಪ್ರಿಲ್ ತಿಂಗಳಲ್ಲಿ ನಗರದಲ್ಲಿ ದೊಂಬಿಯೆದ್ದಿತು. ಐನ್‌ಹಾರ್ನ್ ಕುಟುಂಬಸಮೇತ ಫಿಲಡೆಲ್ಫಿಯಾಕ್ಕೆ ಓಡಬೇಕಾಯಿತು. ಕೆಲವೇ ವಾರಗಳ ನಂತರ ಅವರ ಸಭೆಯಿಂದ ಪತ್ರ ಬಂತು. ನೀವು ಮರಳಿ ಬರಬಹುದು, ಆದರೆ ನಿಮ್ಮ ಕ್ಷೇಮಕ್ಕಾಗಿಯೂ ಸಭಿಕರ ಹಿತಕ್ಕಾಗಿಯೂ ಕಾಲದ ಉದ್ರೇಕಕಾರಿ ವಿಷಯಗಳನ್ನು ಪೀಠದಿಂದ ಎತ್ತದಿದ್ದರೆ ಒಳಿತು ಎಂಬುದು ಅದರ ಸಾರ. ಐನ್‌ಹಾರ್ನ್ ಮರಳಲಿಲ್ಲ; ಫಿಲಡೆಲ್ಫಿಯಾದ ಕೆನೆಸೆತ್ ಇಸ್ರಾಯೇಲ್ ಸಭೆಯನ್ನು ಸೇರಿದರು. ಆ ಪತ್ರದಲ್ಲಿ ದ್ವೇಷದ ಸುಳಿವಿಲ್ಲ, ಅಕ್ಕರೆಯಿದೆ, ಭಯವಿದೆ. ಅದಕ್ಕೇ ಅದನ್ನು ನಿರಾಕರಿಸುವುದು ದೊಂಬಿಯನ್ನು ಎದುರಿಸುವುದಕ್ಕಿಂತ ಕಷ್ಟವಾಗಿದ್ದಿರಬೇಕು.

ಇಷ್ಟು ಹೇಳಿದ ಮೇಲೆ ಎದುರುಪಕ್ಷದ ಮಾತನ್ನೂ ಕೇಳಬೇಕು. ಮಾತನಾಡುವವನೇ ಪ್ರವಾದಿ, ಮೌನಿಯಾದವನು ಹೇಡಿ ಎಂಬ ತೀರ್ಪು ಹೆಷೆಲರ ಅಭಿಮಾನಿಗಳಲ್ಲಿ ಬಹುಬೇಗ ಹುಟ್ಟುತ್ತದೆ. ಯೆರೆಮೀಯನ 28ನೆಯ ಅಧ್ಯಾಯವನ್ನು ಅವರು ಮತ್ತೊಮ್ಮೆ ಓದುವುದೊಳಿತು. ಬಾಬಿಲೋನಿನ ನೊಗ ಎರಡೇ ವರ್ಷಗಳಲ್ಲಿ ಮುರಿಯುವುದೆಂದು ದೇವರ ಹೆಸರಿನಲ್ಲಿಯೇ ಸಾರಿದ ಹನನ್ಯನೂ ದೇವಾಲಯದಲ್ಲಿಯೇ ನಿಂತಿದ್ದ, ಅವನ ದನಿಯೂ ಗಟ್ಟಿಯಾಗಿಯೇ ಇತ್ತು. ಯೆರೆಮೀಯನ ಹೆಗಲಿನಿಂದ ನೊಗವನ್ನು ಕಿತ್ತು ಅವನು ಮುರಿದಾಗ, ಯೆರೆಮೀಯನು ಮರುಮಾತಾಡದೆ ತನ್ನ ದಾರಿ ಹಿಡಿದನೆಂದು ಗ್ರಂಥ ಹೇಳುತ್ತದೆ. ಉತ್ತರ ಬಂದದ್ದು ಆಮೇಲೆ. ನಡುವಿನ ಆ ಮೌನವನ್ನು ಹೇಡಿತನವೆನ್ನಲು ಯಾರಿಗೆ ಧೈರ್ಯವಿದೆ? ಕಾಲವೂ ತನ್ನದೇ ವ್ಯಂಗ್ಯ ತೋರಿಸಿದೆ. ಹೆಷೆಲರ ಸಹಲೇಖಕ ನೊವಾಕ್ 2003ರಲ್ಲಿ ಇರಾಕ್ ಯುದ್ಧದ ಸಮರ್ಥಕರಾಗಿ ರೋಮಿಗೆ ಹೋಗಿ ವಾದ ಮಂಡಿಸಿದರು. ಧರ್ಮಗುರುಗಳ ಆ ಸಂಘಟನೆಯಲ್ಲಿ ಹೆಷೆಲರ ಒಡನಾಡಿಯಾಗಿದ್ದ ಲೂಥೆರನ್ ಪಾಸ್ಟರ್ ರಿಚರ್ಡ್ ಜಾನ್ ನ್ಯೂಹಾಸ್ ಮುಂದೆ ಕಥೋಲಿಕ ಗುರುವಾದರು. ಅವರೂ ಅದೇ ಯುದ್ಧವನ್ನು ಬೆಂಬಲಿಸಿದರು.

ಹೆಷೆಲರ ವಿಷಯದಲ್ಲಿ ಇನ್ನೊಂದು ಪ್ರಶ್ನೆ ಉಳಿಯುತ್ತದೆ. 1967ರ ಜೂನ್ ಯುದ್ಧದ ನಂತರ ಅವರು ಇಸ್ರಾಯೇಲನ್ನು ಕುರಿತು ಬರೆದ ಪುಸ್ತಕ (1969) ಹರ್ಷ, ಕೃತಜ್ಞತೆಗಳ ಬರಹ. ಅರಬರ ಸಂಕಟಕ್ಕೆ ಅದರಲ್ಲಿ ದೊರೆಯುವ ಸ್ಥಳ ಕಡಿಮೆ. ದೂರದ ವಿಯೆಟ್ನಾಮಿನ ಹಳ್ಳಿಗಾಗಿ ಕಣ್ಣೀರಿಟ್ಟ ಲೇಖನಿ ಇಲ್ಲಿ ಹಿಂಜರಿದಂತೆ ಕಾಣುತ್ತದೆ. ತಾಯಿಯನ್ನು ವಾರ್ಸಾದಲ್ಲಿ ಕಳೆದುಕೊಂಡ ಮಗನನ್ನು ಇದಕ್ಕಾಗಿ ಆಪಾದಿಸಲು ನಾನು ಸಿದ್ಧನಿಲ್ಲ, ಆದರೆ ಅದನ್ನು ಕಾಣದಂತೆ ನಟಿಸಲೂ ಆಗದು. ಏಕೆಂದರೆ ಇಂದಿನ ಯೆಹೂದ್ಯ ಸಭೆಗಳು ಬಿರುಕು ಬಿಟ್ಟಿರುವುದು ಇದೇ ಎಡೆಯಲ್ಲಿ. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಸುಮಾರು 1,200 ಜನ ಹತರಾಗಿ, 250ಕ್ಕೂ ಹೆಚ್ಚು ಮಂದಿ ಒತ್ತೆಯಾಳುಗಳಾದರು. ನಂತರದ ಯುದ್ಧದಲ್ಲಿ ಗಾಜಾದಲ್ಲಿ ಸತ್ತವರು ಹತ್ತಾರು ಸಾವಿರ. ಒತ್ತೆಯಾಳುಗಳಿಗಾಗಿ ಸಬ್ಬತ್ತಿನ ಪ್ರಾರ್ಥನೆ ಸಲ್ಲುತ್ತಿದ್ದ ಸಭೆಯಲ್ಲಿ ಗಾಜಾದ ಮಕ್ಕಳಿಗಾಗಿಯೂ ಒಂದು ಮಾತು ಸಲ್ಲಬೇಕಿತ್ತೇ? ಸಲ್ಲಿಸಿದರೆ ನೊಂದವರಿಗೆ ದ್ರೋಹವೇ, ಸಲ್ಲಿಸದಿದ್ದರೆ ತೋರಾಕ್ಕೆ ದ್ರೋಹವೇ? ತಂದೆ ಒಂದು ಪಕ್ಷ, ಕಾಲೇಜಿನಲ್ಲಿ ಓದುವ ಮಗಳು ಇನ್ನೊಂದು ಪಕ್ಷ. ನಡುವೆ ನಿಂತ ರಬ್ಬಿಯನ್ನು ಇಬ್ಬರೂ ಸಂಶಯದಿಂದ ನೋಡುತ್ತಾರೆ. ವಿಯೆಟ್ನಾಂ ಕಾಲದ ಪಾಠಗಳು ಇಲ್ಲಿ ಅರ್ಧಕ್ಕಷ್ಟೇ ಸಾಲುತ್ತವೆ. ಅಂದು ಯುದ್ಧ ಸರಕಾರದ್ದಾಗಿತ್ತು, ಇಂದು ಅದು ಬಂಧುಗಳ ಮನೆಯದು.

ಕೊನೆಯದಾಗಿ ಒಂದು ಛಾಯಾಚಿತ್ರ. 1968ರ ಫೆಬ್ರುವರಿ 6ರಂದು ಧರ್ಮಗುರುಗಳು ಆರ್ಲಿಂಗ್ಟನ್ನಿನ ಸೈನಿಕ ಸ್ಮಶಾನದಲ್ಲಿ ಸೇರಿದರು. ಅಲ್ಲಿ ಭಾಷಣಗಳಿಗೆ ಅನುಮತಿ ದೊರೆತಿರಲಿಲ್ಲ. ಐಸೆಂಡ್ರಾತರ ತೋಳಿನಲ್ಲಿ ತೋರಾ ಸುರುಳಿ, ಪಕ್ಕದಲ್ಲಿ ಕಿಂಗ್, ಹೆಷೆಲ್, ಕಥೋಲಿಕ ಧರ್ಮಾಧ್ಯಕ್ಷ ಜೇಮ್ಸ್ ಶ್ಯಾನನ್. ಮೌನವಾಗಿ ಪ್ರಾರ್ಥಿಸೋಣವೆಂದು ಕಿಂಗ್ ಕರೆಕೊಟ್ಟರು. ನಿಮಿಷಗಳು ಕಳೆದವು. ಆ ಮೌನವನ್ನು ಮುರಿದವರು ಹೆಷೆಲ್. ಅವರು ಉಚ್ಚರಿಸಿದ್ದು 22ನೆಯ ಕೀರ್ತನೆಯ ಮೊದಲ ಮಾತನ್ನು, ಶಿಲುಬೆಯ ಮೇಲೆ ಯೇಸು ಕೂಗಿಕೊಂಡ ಅದೇ ಮಾತನ್ನು. ಯಾರ ಪರವಾಗಿ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಸಮಾಧಾನದಿಂದ ಹೋಗೋಣವೆಂದು ಧರ್ಮಾಧ್ಯಕ್ಷರು ನುಡಿದ ಮೇಲೆ ಎಲ್ಲರೂ ಚದುರಿದರು.