ಯಾರೊಳಗೆ ಯಾರು?

ಗೌರಿಬಿದನೂರು ತಾಲ್ಲೂಕಿಗೊಂದು ಕಸಬಾ ಹೋಬಳಿ; ಚಿಂತಾಮಣಿಗೂ ಒಂದು, ಶಿಡ್ಲಘಟ್ಟಕ್ಕೂ ಒಂದು, ಚಿಕ್ಕಬಳ್ಳಾಪುರಕ್ಕೂ ಒಂದು. ಜಿಲ್ಲೆ, ತಾಲ್ಲೂಕು, ಹೋಬಳಿ, ಊರು ಎಂದು ಪಟ್ಟಿಯೊಳಗೆ ಪಟ್ಟಿ ಹೆಣೆದ ವೆಬ್ ಪುಟದಿಂದ ಜಾವಾಸ್ಕ್ರಿಪ್ಟ್ ಬಳಸಿ ಒಂದೇ ಒಂದು ಕಸಬಾವನ್ನು ಹಿಡಿಯಬೇಕು. ಹೆಸರು ಹುಡುಕಿ ಹೊರಟರೆ ನಾಲ್ಕೂ ಕೈಯೆತ್ತುತ್ತವೆ. ಜೊತೆಗೆ, ಪಟ್ಟಿಯ ಸಾಲೊಂದರ, ಅಂದರೆ ಒಂದು ಎಲ್‌ಐನ ಟೆಕ್ಸ್ಟ್‌ಕಂಟೆಂಟ್ ಕೇಳಿದರೆ ಅದರೊಳಗಿನ ಅಕ್ಷರಗಳೆಲ್ಲ ಸೇರಿಯೇ ಬರುವುದರಿಂದ, ತಾಲ್ಲೂಕಿನ ಸಾಲೂ ಜಿಲ್ಲೆಯ ಸಾಲೂ ‘ಕಸಬಾ ನನ್ನಲ್ಲಿದೆ’ ಎನ್ನುತ್ತವೆ. ಕೇಳಬೇಕಾದ್ದು ಯಾರೊಳಗೆ ಯಾರು ಎಂದು.

ಪುಟದಿಂದ ಬೇಕಾದ್ದನ್ನು ಹೆಕ್ಕುವ ಸೆಲೆಕ್ಟರ್‌ನಲ್ಲಿ ಆ ಪ್ರಶ್ನೆಗೆ ಎರಡು ರೂಪ. ನಡುವೆ ಬರೀ ಜಾಗ ಬಿಟ್ಟರೆ ಎಷ್ಟು ಆಳದಲ್ಲಿದ್ದರೂ ಸರಿ. > ಗುರುತು ಹಾಕಿದರೆ ನೇರ ಮಗುವೇ ಆಗಿರಬೇಕು. ಕ್ಲಾಸಿನ ಹೆಸರು ಕನ್ನಡ ಲಿಪಿಯಲ್ಲೇ ಇದ್ದರೂ ಸಿಎಸ್‌ಎಸ್ ಒಪ್ಪುತ್ತದೆ, ನನಗದು ಬಲು ಇಷ್ಟ. ಆದರೆ ‘.ತಾಲ್ಲೂಕು > .ಹೋಬಳಿ’ ಎಂದು ಬರೆದರೆ ಏನೂ ಸಿಗದು. ಹೊರಗಿನ ಎಲ್‌ಐಗೂ ಒಳಗಿನದಕ್ಕೂ ನಡುವೆ ಒಳಪಟ್ಟಿಯದೊಂದು ಯುಎಲ್ ಕೂತಿರುತ್ತದಲ್ಲ! ‘.ತಾಲ್ಲೂಕು > ಯುಎಲ್ > .ಹೋಬಳಿ’ ಎಂದರೆ ಸಿಕ್ಕಿತು.

ಇನ್ನೂ ಸೂಕ್ಷ್ಮವಾದ ತೊಡಕೊಂದಿದೆ. ಚಿಂತಾಮಣಿಯ ಎಲ್‌ಐ ಮೇಲೆಯೇ ಕ್ವೆರಿಸೆಲೆಕ್ಟರ್‌ಆಲ್ ಕರೆದು ‘ಯುಎಲ್ > ಎಲ್‌ಐ’ ಕೊಡಿ. ಕೈವಾರ, ಮುರುಗಮಲ್ಲ ಹೋಬಳಿಗಳ ಹಿಂದೆಯೇ ಅವುಗಳ ಊರುಗಳೂ ಸುರಿಯುತ್ತವೆ. ಊರೂ ಒಂದು ಯುಎಲ್‌ನ ನೇರ ಮಗುವೇ ತಾನೆ? ಎಲ್ಲಿಂದ ಎಣಿಸಬೇಕೆಂದು ನಾವು ಹೇಳಿಲ್ಲ. ‘:ಸ್ಕೋಪ್ > ಯುಎಲ್ > ಎಲ್‌ಐ’ ಎಂದಾಗ ಸ್ಕೋಪ್ ಎಂದರೆ ನಾವು ಹಿಡಿದ ಚಿಂತಾಮಣಿಯೇ, ಹೋಬಳಿಗಳಷ್ಟೇ ಬರುತ್ತವೆ. 2006ರಲ್ಲಿ ಜಾನ್ ರೆಸಿಗ್ ಹೊರತಂದ ಜೆಕ್ವೆರಿಯಲ್ಲಿ ಚಿಲ್ಡ್ರನ್ ಎಂಬ ಮೆಥಡ್ ಇದಕ್ಕೆ ಒದಗುತ್ತದೆ. ಕೆಳಗಿನಿಂದ ಮೇಲೆ ಹೋಗಲು ಕ್ಲೋಸೆಸ್ಟ್: ಜಂಗಮಕೋಟೆಯ ಮೇಲೆ ಕ್ಲಿಕ್ ಮಾಡಿದಾಗ ‘.ತಾಲ್ಲೂಕು’ ಎಂದು ಕೇಳಿದರೆ, ಆ ಹೋಬಳಿಯನ್ನು ಒಳಗಿಟ್ಟುಕೊಂಡ ಶಿಡ್ಲಘಟ್ಟ ಕೈಗೆ ಬರುತ್ತದೆ.

ಕ್ರಮಸಂಖ್ಯೆ ನಂಬಿ ಎನ್‌ಥ್-ಚೈಲ್ಡ್‌ನಿಂದ ಹಿಡಿಯುವ ಕೋಡ್ ಕಂಡರೆ ಮಾತ್ರ ನನಗೆ ಆತಂಕ. 2007ರಲ್ಲಿ ಕೋಲಾರದಿಂದ ಬೇರೆಯಾದಾಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಆರು ತಾಲ್ಲೂಕು. ಆಮೇಲೆ, ಗೌರಿಬಿದನೂರಿನ ಹೋಬಳಿಯಾಗಿದ್ದ ಮಂಚೇನಹಳ್ಳಿಯೇ ತಾಲ್ಲೂಕಾಯಿತು. ಬಾಗೇಪಲ್ಲಿಯಿಂದ ಚೇಳೂರು ಹೊರಬಂತು. ನಡುವೆ ಹೀಗೊಂದು ಸಾಲು ಸೇರಿದರೆ ಸಾಕು, ‘ನಾಲ್ಕನೆಯ ಎಲ್‌ಐ’ ಎಂದು ಬರೆದ ಕೋಡ್ ಪಕ್ಕದ ತಾಲ್ಲೂಕಿನ ಊರುಗಳನ್ನು ತಂದುಕೊಡುತ್ತದೆ, ಎರರ್ ಕೂಡ ತೋರಿಸುವುದಿಲ್ಲ. ಅದಕ್ಕೇ ನಾನು ಪ್ರತಿ ಎಲ್‌ಐಗೂ ಡೇಟಾ ಆಟ್ರಿಬ್ಯೂಟ್‌ನಲ್ಲಿ ಒಂದು ಸಂಕೇತ ಇಟ್ಟು, ಅದರಿಂದಲೇ ಹುಡುಕುತ್ತೇನೆ. ಪುಟದಲ್ಲಿ ಶಿಡ್ಲಘಟ್ಟ ಎಂದಿರಲಿ, ಸಿಡ್ಲಘಟ್ಟ ಎಂದಿರಲಿ, ಸಾಲು ತಪ್ಪುವುದಿಲ್ಲ.